4 ವರ್ಷದ ಮಗನಿಗೆ ಪೆನ್ಸಿಲ್ ಹಿಡಿತ ಬರುತ್ತಿಲ್ಲ, ಬೆರಳಿಗೆ ಬಲ ಬರುವ ಆಟ ಗೊತ್ತಿದ್ದರೆ ಹೇಳಿ

ತುಮಕೂರು_ಮಲ್ಲಿಗೆ | ಡಿಸೆಂಬರ್ 6, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಮಗನಿಗೆ 4 ವರ್ಷ 2 ತಿಂಗಳು, ಎಲ್‌ಕೆಜಿ. ಶಾಲೆಯಿಂದ ದಿನಾ ಎರಡು ಪುಟ ಬರೆಯಲು ಕೊಡುತ್ತಾರೆ. ಇವನು ಪೆನ್ಸಿಲನ್ನು ಸೌಟು ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿಯುತ್ತಾನೆ. ಅರ್ಧ ಸಾಲು ಆಗುವಷ್ಟರಲ್ಲಿ "ಕೈ ನೋವು" ಅಂತ ಎಸೆಯುತ್ತಾನೆ. ಕಳೆದ ವಾರ ಮೀಟಿಂಗ್‌ನಲ್ಲಿ ಟೀಚರ್ ಎಲ್ಲರ ಮುಂದೆ "ಇವನ ಕೈಯಲ್ಲಿ ಶಕ್ತಿಯೇ ಇಲ್ಲ, ಮನೆಯಲ್ಲಿ ಪ್ರಾಕ್ಟೀಸ್ ಮಾಡಿಸಿ" ಅಂದರು. ಬರೆದು ಮುಗಿಸದ ಮಕ್ಕಳಿಗೆ ಆಟದ ಪಿರಿಯಡ್ ಇಲ್ಲವಂತೆ. ಅದು ಟೀಚರ್ ಹೇಳಿದ್ದಲ್ಲ, ಮಗ ಹೇಳಿದ್ದು.

ಗಾಬರಿಯಲ್ಲಿ ಆನ್‌ಲೈನ್‌ನಲ್ಲಿ 1,800 ರೂಪಾಯಿಯ ಒಂದು ಕಿಟ್ ತರಿಸಿದೆ. ಪುಟ್ಟ ಇಕ್ಕಳ, ಬಣ್ಣದ ಉಣ್ಣೆ ಉಂಡೆಗಳು, ಮರದ ಸ್ಕ್ರೂ, ದಾರ ಪೋಣಿಸುವ ಹಲಗೆ, ಎಲ್ಲ ಇದೆ. ಅವನು ಆಡಿದ್ದು ಅದು ಬಂದ ಡಬ್ಬದ ಜೊತೆ. ಡಬ್ಬ ಈಗ ನಮ್ಮ ಮನೆಯ ಕೆಎಸ್‌ಆರ್‌ಟಿಸಿ ಬಸ್ಸು.

ಇದಕ್ಕೆ ಬೇರೆ ಏನು ಮಾಡಬಹುದು? ಡಾಕ್ಟರ ಹತ್ತಿರ ಹೋಗಬೇಕಾ?


ಲೆಕ್ಕಿಗ | ಡಿಸೆಂಬರ್ 6, ರಾತ್ರಿ 11:15

ಮೇಡಂ, 1,800 ಹೋಯಿತು ಅಂದುಕೊಳ್ಳಿ. ನಮ್ಮ ಕಾಲದಲ್ಲಿ ಕಿಟ್ಟೂ ಇರಲಿಲ್ಲ, ಥೆರಪಿಯೂ ಇರಲಿಲ್ಲ, ಎಲ್ಲರೂ ಬರೆದೆವು. ಟ್ಯಾಬ್‌ನಲ್ಲಿ ಅಕ್ಷರದ ಮೇಲೆ ಬೆರಳು ಎಳೆಯುವ ಆಪ್‌ಗಳು ಪುಕ್ಕಟೆ ಸಿಗುತ್ತವೆ. ನನ್ನ ಮಗಳು ಅದರಲ್ಲೇ ಕಲಿಯುತ್ತಿದ್ದಾಳೆ, ಗಲಾಟೆ ಇಲ್ಲ.


ಹಾಸನದಜ್ಜಿ | ಡಿಸೆಂಬರ್ 7, ಬೆಳಿಗ್ಗೆ 5:50

ಮಗಳೇ, ಈಗ ಅವರೆಕಾಯಿ ಕಾಲ. ಒಂದು ಎರಡು ಕೇಜಿ ತಂದು ನೆಲದ ಮೇಲೆ ಸುರುವಿ ಕೂರಿಸು. ನೀನೂ ಕೂರು.

ಮೊದಲು ಸುಲಿಯುವುದು. ಕಾಯಿಯ ತುದಿ ಮುರಿದು, ನಾರು ಎಳೆದು, ಹೆಬ್ಬೆರಳಿನಿಂದ ಹೊಲಿಗೆಯ ಕಡೆ ಒತ್ತಬೇಕು. ಎಳೆ ಮಕ್ಕಳಿಗೆ ಮೊದಲು ಆಗುವುದಿಲ್ಲ. ನೀನು ಅರ್ಧ ಬಿಡಿಸಿ ಕೊಡು, ಕಾಳು ಮಾತ್ರ ಅವನು ತೆಗೆಯಲಿ. ರಾತ್ರಿ ಕಾಳು ನೆನೆಹಾಕಿ ಬೆಳಿಗ್ಗೆ ಹಿತುಕಲು ಕೊಡು. ಎರಡು ಬೆರಳ ನಡುವೆ ಇಟ್ಟು ಒತ್ತಿದರೆ ಪುಳಕ್ ಅಂತ ಬೇಳೆ ಹಾರುತ್ತದೆ. ನನ್ನ ಮೊಮ್ಮಗ ಒಲೆಯ ತನಕ ಹಾರಿಸುತ್ತಾನೆ, ಯಾರದ್ದು ದೂರ ಅಂತ ಪಂದ್ಯ. ಅರ್ಧ ನೆಲಕ್ಕೆ, ಅರ್ಧ ಸಾರಿಗೆ. ಹಾಳಾದರೆ ಆಗಲಿ.

ಇದಕ್ಕೆಲ್ಲ ಹೆಸರು ಇದೆ ಅಂತ ನನಗೆ ಗೊತ್ತಿರಲಿಲ್ಲ. ನಮಗೆ ಅದು ಮನೆಕೆಲಸ ಅಷ್ಟೇ.


ಮೈಸೂರು_ಓಟಿ | ಡಿಸೆಂಬರ್ 7, ಮಧ್ಯಾಹ್ನ 2:10

ನಾನು ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್ (ಓಟಿ), ಅಂದರೆ ಆಟ, ದಿನದ ಕೆಲಸಗಳ ಮೂಲಕ ಮಕ್ಕಳ ಕೈ ಪಳಗಿಸುವವಳು. ಅಜ್ಜಿ ಹೇಳಿದ್ದು ಪೂರ್ತಿ ಸರಿ. ನಾವು ಕ್ಲಿನಿಕ್‌ನಲ್ಲಿ ಗಟ್ಟಿ ಜೇಡಿಯಂಥ ಹಿಟ್ಟಿನೊಳಗೆ ಮಣಿ ಬಚ್ಚಿಟ್ಟು ಹುಡುಕಿಸುತ್ತೇವೆ. ಹಿತಕವರೆ ಅದಕ್ಕಿಂತ ಒಳ್ಳೆಯ ಆಟ, ಯಾಕೆಂದರೆ ಕೊನೆಗೆ ತಿನ್ನಲು ಏನೋ ಸಿಗುತ್ತದೆ.

ಮಲ್ಲಿಗೆ ಅವರೇ, ಭಯ ಬೇಡ. ನಾಲ್ಕರ ಹೊತ್ತಿಗೆ ಹೆಚ್ಚಿನ ಮಕ್ಕಳು ಕ್ರಯಾನನ್ನು ಮುಷ್ಟಿ ಬಿಟ್ಟು ಬೆರಳುಗಳಲ್ಲಿ ಹಿಡಿಯುತ್ತಾರೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಸೇರುವ ಪಕ್ಕಾ ಹಿಡಿತ ಕೆಲವರಿಗೆ ಐದು, ಆರರ ತನಕ ಬರುವುದಿಲ್ಲ. ನಿಮ್ಮ ಮಗ ಸ್ವಲ್ಪ ನಿಧಾನ, ಅಷ್ಟೇ. ಆಕಾರಗಳಿಗೂ ಒಂದು ಕ್ರಮ ಇದೆ. ಸುಮಾರು ಮೂರಕ್ಕೆ ಸುತ್ತು, ನಾಲ್ಕಕ್ಕೆ ಕೂಡಿಸುವ ಗುರುತು, ನಾಲ್ಕೂವರೆಗೆ ಚೌಕ, ಐದರ ಮೇಲೆ ತ್ರಿಕೋನ. ಚೌಕ ಬಾರದ ಮಗುವಿಗೆ ಎರಡು ಪುಟ ಅಕ್ಷರ ಕೊಟ್ಟರೆ ಕೈ ನೋಯದೆ ಇನ್ನೇನಾಗುತ್ತದೆ?

ಬೆರಳನ್ನು ಮಾತ್ರ ನೋಡಬೇಡಿ. ಕೈ ಪಳಗುವುದು ಮೇಲಿನಿಂದ ಕೆಳಕ್ಕೆ: ಮೊದಲು ಹೆಗಲು, ಆಮೇಲೆ ಮೊಣಕೈ, ಮಣಿಕಟ್ಟು, ಕೊನೆಗೆ ಬೆರಳು. ಅಂಬೆಗಾಲಿಡುವಾಗ ಅಂಗೈ ಮೇಲೆ ಭಾರ ಬಿದ್ದು ಕೈಗೆ ಮೊದಲ ಬಲ ಬರುತ್ತದೆ. ಸೀಬೆ ಮರ ಹತ್ತುವುದು, ಕಂಬಿಗೆ ಜೋತುಬೀಳುವುದು, ಬಿಂದಿಗೆ ಎಳೆಯುವುದು, ಇವೆಲ್ಲ ಬರವಣಿಗೆಯ ತಯಾರಿಯೇ. ಅಂದರೆ ಆಟದ ಪಿರಿಯಡ್ ಕಿತ್ತುಕೊಳ್ಳುವುದು ಬಾವಿ ಮುಚ್ಚಿ ನೀರು ಕೇಳಿದ ಹಾಗೆ.

ಈಗಲೇ ಮಾಡಬಹುದಾದದ್ದು: ಕ್ರಯಾನನ್ನು ಮುರಿಯಿರಿ. ಒಂದು ಇಂಚಿನ ತುಂಡು ಸಾಕು. ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ, ಬೆರಳು ತಾನೇ ಮುಂದೆ ಬರುತ್ತದೆ. ಹಾಳೆಯನ್ನು ಮೇಜಿನ ಮೇಲೆ ಇಡದೆ ಗೋಡೆಗೆ ಅಂಟಿಸಿ. ನಿಂತು ಬರೆದರೆ ಮಣಿಕಟ್ಟು ತಾನಾಗಿ ಹಿಂದಕ್ಕೆ ಬಾಗುತ್ತದೆ, ಬರೆಯಲು ಬೇಕಾದ ಭಂಗಿ ಅದೇ. ಉಂಗುರ ಬೆರಳು, ಕಿರುಬೆರಳ ಅಡಿ ಒಂದು ಸಣ್ಣ ಕಾಗದದ ಉಂಡೆ ಬಚ್ಚಿಡಲು ಹೇಳಿ, "ಗುಬ್ಬಚ್ಚಿ ಮೊಟ್ಟೆ, ಬೀಳಿಸಬೇಡ" ಅನ್ನಿ. ಆ ಎರಡು ಬೆರಳು ಸುಮ್ಮನಿದ್ದರೆ ಉಳಿದ ಮೂರು ಚೆನ್ನಾಗಿ ಕೆಲಸ ಮಾಡುತ್ತವೆ.

ಲೆಕ್ಕಿಗ ಸರ್, ಟ್ಯಾಬ್ ಬಗ್ಗೆ: ಅಕ್ಷರದ ಆಕಾರ ಕಣ್ಣಿಗೆ ಪರಿಚಯ ಆಗುತ್ತದೆ, ಸರಿ. ಆದರೆ ಗಾಜು ಬೆರಳಿಗೆ ಎದುರು ಒತ್ತುವುದಿಲ್ಲ. ಒಂದೇ ಬೆರಳು ಜಾರುತ್ತದೆ, ಹೆಬ್ಬೆರಳಿಗೆ ಕೆಲಸವೇ ಇಲ್ಲ.


ಲೆಕ್ಕಿಗ | ಡಿಸೆಂಬರ್ 7, ಸಂಜೆ 7:02

ವಾಟ್ಸಾಪ್‌ನಲ್ಲಿ ಎರಡು ಎಕ್ಸ್-ರೇ ಚಿತ್ರ ಓಡಾಡುತ್ತಿದೆ. ಚಿಕ್ಕ ಮಗುವಿನ ಮಣಿಕಟ್ಟಿನಲ್ಲಿ ಮೂಳೆಯೇ ಇಲ್ಲ, ಆದ್ದರಿಂದ ಬರೆಸಲೇಬಾರದು ಅಂತ. ಅದು ನಿಜವಾ?


ಮೈಸೂರು_ಓಟಿ | ಡಿಸೆಂಬರ್ 7, ರಾತ್ರಿ 8:30

ಅರ್ಧ ನಿಜ. ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವು ಮೃದ್ವಸ್ಥಿ, ಅಂದರೆ ಕಿವಿಯ ಹಾಲೆಯೊಳಗಿನಂಥ ಮೆತ್ತನೆಯ ಎಲುಬು, ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ವರ್ಷ ಕಳೆದಂತೆ ಒಂದೊಂದೇ ಗಟ್ಟಿಯಾಗುತ್ತವೆ, ಕೊನೆಯದಕ್ಕೆ 8 ವರ್ಷ ದಾಟಬಹುದು. ಕಾಣದ್ದಕ್ಕೆ ಇಲ್ಲ ಅನ್ನುವುದು ತಪ್ಪು. ಮೂಳೆ ಗಟ್ಟಿಯಾಗುವ ತನಕ ಬರೆಸಬಾರದು ಅಂದರೆ ಮೂರನೇ ಕ್ಲಾಸಿನ ತನಕ ಕಾಯಬೇಕು! ಅವಸರ ಬೇಡ ಅನ್ನುವುದಕ್ಕೆ ಸ್ನಾಯು, ಕಣ್ಣು-ಕೈ ಹೊಂದಾಣಿಕೆ, ಮಗುವಿನ ಮನಸ್ಸು ಇವೇ ಸಾಕು. ಆ ಚಿತ್ರ ಬೇಕಿಲ್ಲ.


ಅಂಗನವಾಡಿ_ಟೀಚರ್_ಗದಗ | ಡಿಸೆಂಬರ್ 8, ಸಂಜೆ 5:20

ನಮ್ಮಲ್ಲಿ 3ರಿಂದ 6 ವರ್ಷದ ಮಕ್ಕಳು 22 ಇದ್ದಾರೆ. ಸರ್ಕಾರದ "ಚಿಲಿಪಿಲಿ" ಪಠ್ಯಕ್ರಮದಲ್ಲಿ ಬೆರಳಿನ ಚಟುವಟಿಕೆಗಳಿವೆ, ಆದರೆ ಸಾಮಾನು ನಾವೇ ಹೊಂದಿಸಿಕೊಳ್ಳಬೇಕು. ಹಳೆ ಬಳೆಗಳನ್ನು ಕೋಲಿಗೆ ಹಾಕುವುದು. ಬಟ್ಟೆ ಕ್ಲಿಪ್ಪನ್ನು ರಟ್ಟಿನ ಸುತ್ತ ಸಿಕ್ಕಿಸಿ ಸೂರ್ಯ ಮಾಡುವುದು. ಒಣಗಿದ ಗೋವಿನಜೋಳದ ತೆನೆಯಿಂದ ಕಾಳು ಬಿಡಿಸುವುದು. ಇದೊಂದು ಬಂದರೆ ಹೆಬ್ಬೆರಳು ತಯಾರು ಅಂತ ತಿಳಿಯಿರಿ, ದೊಡ್ಡವರಿಗೇ ಉರಿ ಬರುತ್ತದೆ. ಮೊದಲ ಎರಡು ಸಾಲು ನಾವು ಬಿಡಿಸಿ ಕೊಡುತ್ತೇವೆ.

ಆದರೆ ವರ್ಷದಲ್ಲಿ ನನಗೆ ಇಷ್ಟದ ದಿನ ಮಣ್ಣೆತ್ತಿನ ಅಮಾವಾಸ್ಯೆ. ನಮ್ಮ ಕಡೆ ಕಾರಹುಣ್ಣಿಮೆ ಆದ ಮೇಲೆ ಬರುತ್ತದೆ, ಮಳೆ ಶುರುವಾಗಿರುತ್ತದೆ. ಕರಿ ಮಣ್ಣು ತಂದು, ನೀರು ಹಾಕಿ, ತುಳಿದು ಹದ ಮಾಡಿ ಎತ್ತು ಮಾಡುತ್ತೇವೆ. ಮೂರು ವರ್ಷದ ಮಗು ಉಂಡೆ ಮಾಡಿ "ಇದು ಎತ್ತು" ಅನ್ನುತ್ತದೆ. ನಾಲ್ಕು ವರ್ಷದ್ದು ನಾಲ್ಕು ಕಾಲು ಅಂಟಿಸುತ್ತದೆ, ಎತ್ತು ನಿಲ್ಲುವುದಿಲ್ಲ. ಐದು ವರ್ಷದ್ದು ಎರಡು ಬೆರಳಲ್ಲಿ ಚಿವುಟಿ ಕೋಡು, ಹಿಣಿಲು ಎಬ್ಬಿಸುತ್ತದೆ, ಕಣ್ಣಿಗೆ ಜೋಳದ ಕಾಳು ಒತ್ತುತ್ತದೆ. ಯಾವ ಮಗುವಿನ ಕೈ ಎಲ್ಲಿದೆ ಅಂತ ಆ ಎತ್ತು ನೋಡಿದರೆ ನನಗೆ ಗೊತ್ತಾಗುತ್ತದೆ. ಬೇರೆ ಪರೀಕ್ಷೆ ಬೇಡ.

ಆಷಾಢದಲ್ಲಿ ಮಣ್ಣಿನ ಗುಳ್ಳವ್ವನನ್ನು ಮಾಡಿ ಪೂಜಿಸುವ ಮಂಗಳವಾರಗಳೂ ಇವೆ. ಮತ್ತೆ ಮಣ್ಣು. ಕೆಲವು ತಾಯಂದಿರು "ಬಟ್ಟೆ ಹೊಲಸು ಮಾಡಿ ಕಳಿಸುತ್ತೀರಿ, ಎಬಿಸಿಡಿ ಯಾವಾಗ ಬರೆಸುತ್ತೀರಿ" ಅನ್ನುತ್ತಾರೆ. ಏನು ಹೇಳುವುದು ಅಕ್ಕ.


ಮಂಗಳೂರು_ಎಡಚ | ಡಿಸೆಂಬರ್ 9, ಬೆಳಿಗ್ಗೆ 11:00

ಚೆನ್ನೆಮಣೆಯನ್ನು ಯಾರೂ ಹೇಳಲಿಲ್ಲವಲ್ಲ! ನಿಮ್ಮ ಕಡೆ ಅಳಿಗುಳಿಮಣೆ. ಒಂದು ಬದಿಗೆ 7 ಗುಳಿ, ಒಟ್ಟು 14. ಗುಳಿಗೆ 4 ಕಾಯಿ. ನಮ್ಮಲ್ಲಿ ಆಟಿ ತಿಂಗಳ ಮಳೆಯಲ್ಲಿ ಅಜ್ಜಿ ಅಟ್ಟದಿಂದ ಇಳಿಸುತ್ತಿದ್ದರು. ಒಂದು ಗುಳಿಯ ಕಾಯಿಯನ್ನೆಲ್ಲ ಬಾಚಿ, ಕೈಯಲ್ಲಿ ಹಿಡಿದುಕೊಂಡೇ, ಒಂದೊಂದನ್ನೇ ಬೆರಳ ತುದಿಗೆ ತಂದು ಬಿಡುತ್ತಾ ಹೋಗಬೇಕು. ಎರಡು ಒಟ್ಟಿಗೆ ಬಿದ್ದರೆ ಅಕ್ಕ ಬೈಯುತ್ತಿದ್ದಳು.

ನಾನು ಎಡಗೈಯವನು. ಅಕ್ಷರಾಭ್ಯಾಸದ ದಿನ ಬಲಗೈ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸಿದರಂತೆ. ಸರಿ, ಅದು ಶಾಸ್ತ್ರ. ಆಮೇಲೆ ಶಾಲೆಯಲ್ಲಿ ಒಬ್ಬ ಮೇಷ್ಟ್ರು ಎರಡು ವರ್ಷ ಎಡಗೈಗೆ ಹೊಡೆದರು. ಇವತ್ತಿಗೂ ನನ್ನ ಅಕ್ಷರ ಕೋಳಿ ಕೆದಕಿದ ಹಾಗೆ. ಮಲ್ಲಿಗೆ ಅವರೇ, ನಿಮ್ಮ ಮಗ ಯಾವ ಕೈ ಜಾಸ್ತಿ ಬಳಸುತ್ತಾನೆ, ನೋಡಿದ್ದೀರಾ?


ಮೈಸೂರು_ಓಟಿ | ಡಿಸೆಂಬರ್ 9, ಮಧ್ಯಾಹ್ನ 1:45

ಎಡಚರೇ, ನೀವು ಹೇಳಿದ ಆ ಚಲನೆ, ಅಂಗೈಯಲ್ಲಿ ಇದ್ದದ್ದನ್ನು ಬೇರೆ ಕೈಯ ಸಹಾಯ ಇಲ್ಲದೆ ಬೆರಳ ತುದಿಗೆ ತರುವುದು, ಇದೇ ಅತಿ ಕಷ್ಟದ್ದು. ಪೆನ್ಸಿಲನ್ನು ಕೈಯಲ್ಲೇ ಸರಿಸಿಕೊಳ್ಳುವುದು, ಚಿಲ್ಲರೆ ಎಣಿಸುವುದು, ಗುಂಡಿ ಹಾಕುವುದು ಎಲ್ಲದರ ಹಿಂದೆ ಅದೇ ಇದೆ. ಚೌಕಾಬಾರದ ಕವಡೆ ಕುಲುಕುವುದು, ಐದು ಕಲ್ಲಾಟ ಕೂಡ ಹಾಗೇ. ಆದರೆ ಕಲ್ಲಾಟ ನಾಲ್ಕು ವರ್ಷಕ್ಕೆ ಬೇಗ ಆಯಿತು, ಎಸೆದು ಹಿಡಿಯಲು ಏಳೆಂಟು ವರ್ಷ ಆಗಲಿ.

ಕೈ ವಿಚಾರ: ಹೆಚ್ಚಿನ ಮಕ್ಕಳಲ್ಲಿ ಯಾವ ಕೈ ಅನ್ನುವುದು ನಾಲ್ಕರಿಂದ ಆರರೊಳಗೆ ಗಟ್ಟಿಯಾಗುತ್ತದೆ. ಬದಲಾಯಿಸಲು ಹೋಗಬೇಡಿ. ಒಂದು ವರ್ಷದ ಒಳಗೇ ಒಂದೇ ಕೈ ಬಳಸಿ ಇನ್ನೊಂದನ್ನು ಮುಚ್ಚಿಕೊಂಡಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಬೇಕು, ಅದು ಎಡಚತನ ಅಲ್ಲದೆ ಇನ್ನೊಂದು ಕೈಯ ದೌರ್ಬಲ್ಯ ಇರಬಹುದು.


ಶಿವಮೊಗ್ಗ_ಸಿಸ್ಟರ್ | ಡಿಸೆಂಬರ್ 9, ರಾತ್ರಿ 9:15

ಎಲ್ಲರೂ ಕಾಳು, ಬೀಜ ಅನ್ನುತ್ತಿದ್ದೀರಿ. ನಾನು ಮಕ್ಕಳ ವಾರ್ಡಿನಲ್ಲಿ ಇರುವವಳು, ಹೇಳದೆ ಇರಲಾರೆ.

ಮೂರು ವರ್ಷದ ಒಳಗಿನ ಮಗುವಿಗೆ ಬಾಯಿಗೆ ಹೋಗುವಷ್ಟು ಚಿಕ್ಕದು ಏನೂ ಬೇಡ. ಮನೆಯಲ್ಲಿ ತಮ್ಮನೋ ತಂಗಿಯೋ ತೆವಳುತ್ತಿದ್ದರೆ ಅಣ್ಣನ ಆಟ ಮೇಜಿನ ಮೇಲೆ. ಕಾಳು ಮೂಗಿಗೆ ಹೋದರೆ ಒಳಗಿನ ತೇವಕ್ಕೆ ಊದಿಕೊಳ್ಳುತ್ತದೆ. ಮನೆಯಲ್ಲಿ ಪಿನ್ನು, ಇಕ್ಕಳ ಹಾಕಿ ತೆಗೆಯಲು ಹೋಗಬೇಡಿ, ಇನ್ನೂ ಒಳಗೆ ಹೋಗುತ್ತದೆ.

ಇನ್ನೊಂದು. ಅಳಿಗುಳಿಮಣೆಗೆ ಗುಲಗಂಜಿ ಚೆಂದ ಅಂತ ಹಾಕುವವರಿದ್ದಾರೆ. ಕೆಂಪು ಮೈ, ಕಪ್ಪು ಚುಕ್ಕೆ. ದಯವಿಟ್ಟು ಬೇಡ. ಕಚ್ಚಿ ಒಡೆದು ನುಂಗಿದರೆ ಪ್ರಾಣಕ್ಕೇ ಅಪಾಯ. ಹರಳು ಬೀಜವೂ ಅಷ್ಟೇ. ಹುಣಸೆ ಬೀಜ ಸಾಕು. ಗುಂಡಿಯಂಥ ಬ್ಯಾಟರಿ, ಚಿಕ್ಕ ಮ್ಯಾಗ್ನೆಟ್ ಇರುವ ಆಟಿಕೆ ಮನೆಗೇ ತರಬೇಡಿ.


ರಾಮನಗರ_ಹುಡುಗ | ಡಿಸೆಂಬರ್ 10, ಬೆಳಿಗ್ಗೆ 8:30

ನಮ್ಮ ಮಾವನದು ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುವ ಪಟ್ಟಡಿ. ಆಲೆ ಮರವನ್ನು ಲೇತ್‌ನಲ್ಲಿ ತಿರುಗಿಸುತ್ತಾ ಅರಗಿನ ಬಣ್ಣದ ಕಡ್ಡಿ ಒತ್ತುತ್ತಾರೆ, ಆ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಕೋಲಿಗೆ ಪೋಣಿಸುವ ಬಣ್ಣದ ಬಳೆಗಳು, ಬುಗುರಿ, ದೊಡ್ಡ ಮಣಿಗಳು ಇವರ ವಯಸ್ಸಿಗೆ ಸರಿ. ಎರಡು ಬೆರಳಲ್ಲಿ ತಿರುಗಿಸಿ ಬಿಡುವ ಪುಟ್ಟ ಬುಗುರಿ ಒಂದೇ ಇದ್ದರೂ ಸಾಕು ಅಂತ ಮಾವ ಹೇಳುತ್ತಾರೆ. ಮಾರುವವರು ಹಾಗೆ ಹೇಳುವುದು ಅಪರೂಪ, ಅದಕ್ಕೇ ಬರೆದೆ.

ಫ್ಯಾಕ್ಟರಿಯ ಆಟಿಕೆ ಕೊಂಡರೆ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಕಡ್ಡಾಯ. ನೋಂದಾಯಿತ ಕರಕುಶಲದವರಿಗೆ ವಿನಾಯಿತಿ ಇದೆ, ಹಾಗಾಗಿ ನಮ್ಮ ಊರಿನ ಗೊಂಬೆಯ ಮೇಲೆ ಆ ಗುರುತು ಕಾಣದಿದ್ದರೆ ಗಾಬರಿ ಬೇಡ.


ತುಮಕೂರು_ಮಲ್ಲಿಗೆ | ಡಿಸೆಂಬರ್ 13, ರಾತ್ರಿ 10:05

ಎಲ್ಲರಿಗೂ ಥ್ಯಾಂಕ್ಸ್. ಆದರೆ ನನ್ನ ಕಥೆ ಕೇಳಿ.

ಭಾನುವಾರ ಅವರೆಕಾಯಿ ತಂದೆ. ನಾನು ಲೆಕ್ಕದ ಮನುಷ್ಯಳು. ಒಂದು ಬಟ್ಟಲಲ್ಲಿ 20 ಕಾಯಿ ಎಣಿಸಿ ಇಟ್ಟು, ಮೊಬೈಲ್‌ನಲ್ಲಿ 15 ನಿಮಿಷ ಟೈಮರ್ ಹಾಕಿ, "ಇದಿಷ್ಟು ಮುಗಿಸು, ಆಮೇಲೆ ಹೋಗು" ಅಂದೆ. "ಹೆಬ್ಬೆರಳು ಬಳಸು, ಹಾಗಲ್ಲ ಹೀಗೆ" ಅಂತ ಕೈ ಹಿಡಿದು ತಿದ್ದಿದೆ. ಐದನೆಯ ಕಾಯಿಗೆ ಬಟ್ಟಲು ಮಗುಚಿ ಎದ್ದು ಹೋದ. ಸೋಫಾ ಅಡಿಯಿಂದ ಇವತ್ತಿಗೂ ಕಾಳು ಬರುತ್ತಿವೆ.

ನನ್ನ ಗಂಡ ನಕ್ಕು "ನೀನೂ ಹೋಮ್‌ವರ್ಕ್ ಕೊಟ್ಟೆ" ಅಂದರು. ಸಿಟ್ಟು ಬಂತು. ಆದರೆ ನಿಜ ಅಲ್ವಾ?


ಹಾಸನದಜ್ಜಿ | ಡಿಸೆಂಬರ್ 14, ಬೆಳಿಗ್ಗೆ 6:10

ಅಯ್ಯೋ ಮಗಳೇ, ಕಾಯಿ ಎಣಿಸಿ ಕೊಡುತ್ತಾರಾ ಯಾರಾದರೂ! ನೀನು ಸುಲಿಯುತ್ತಾ ಕೂತಿರು, ಅವನನ್ನು ಕರೆಯಲೇಬೇಡ. ಹುಳ ಬಂದ ಕಾಯಿ ಸಿಕ್ಕಿದರೆ ಮಾತ್ರ ಜೋರಾಗಿ ಕೂಗು.


ನಿವೃತ್ತ_ನಲಿಕಲಿ_ಮೇಷ್ಟ್ರು | ಡಿಸೆಂಬರ್ 14, ಬೆಳಿಗ್ಗೆ 10:30

ಅಜ್ಜಿಯವರಿಗೆ ನಮಸ್ಕಾರ. 30 ವರ್ಷದ ನೌಕರಿಯಲ್ಲಿ ಇಷ್ಟು ಚಿಕ್ಕ ಟ್ರೈನಿಂಗ್ ನನಗೆ ಸಿಕ್ಕಿರಲಿಲ್ಲ.

ಒಂದು ವಿಷಯ ಸೇರಿಸುತ್ತೇನೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿಕಲಿ, ಅಂದರೆ ಸರ್ಕಾರಿ ಶಾಲೆಯಲ್ಲಿ ಆಟವಾಡುತ್ತಾ ಕಲಿಸುವ ಪದ್ಧತಿ, ಶುರುವಾಯಿತು. ಅಲ್ಲಿ ಮಗು ಮೊದಲು ಕಲಿಯುವುದು ಅ ಆ ಇ ಈ ಅಲ್ಲ, "ರ ಗ ಸ ದ ಅ". ವರ್ಣಮಾಲೆಯ ಸಾಲು ಬಾಯಿಗೆ ಚೆಂದ, ಕೈಗೆ ಅಲ್ಲ. ರ ಬರೆದ ಕೈ ಸ್ವಲ್ಪ ಸೇರಿಸಿದರೆ ಸ, ದ ಕಡೆಗೆ ಹೋಗಬಹುದು. ಆ, ಈ, ಋ ಇವುಗಳ ತಿರುವು ನೋಡಿ, ದೊಡ್ಡವರೇ ತಡವರಿಸುತ್ತಾರೆ. ನಮ್ಮ ಲಿಪಿ ಪೂರ್ತಿ ಗುಂಡು. ಬಳಸಿ ಬರುವ ಕೈ ಬೇಕು. ಅದಕ್ಕೆ ಮೊದಲು ಮರಳು, ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ಅಕ್ಷರ ಬರೆದು ಅದರ ಮೇಲೆ ಹುಣಸೆ ಬೀಜ ಜೋಡಿಸುವುದು. ಅಕ್ಷರವನ್ನು ಕಾಲಲ್ಲಿ ನಡೆಯುವುದೂ ಆಗುತ್ತದೆ.

ಓಟಿ ಮೇಡಂ ಮುರಿದ ಕ್ರಯಾನ್ ಅಂದರು. ನಮ್ಮ ಕಾಲದ ಬಳಪ ಯಾವತ್ತೂ ಮುರಿದದ್ದೇ. ಇಡೀ ಬಳಪ ಒಂದು ದಿನ ಉಳಿದರೆ ಹೆಚ್ಚು. ಸ್ಲೇಟಿನ ಮೇಲೆ ಒತ್ತಿದರೇ ಮೂಡುವುದು, ಒರೆಸಿದರೆ ತಪ್ಪು ಮಾಯ. ಈಗ ಸ್ಲೇಟು ಹಳೆಯದಾಯಿತು, ಒಂದನೇ ದಿನದಿಂದಲೇ ಕಾಪಿ ಬುಕ್. ಮಕ್ಕಳು ಬಳಪ ತಿನ್ನುತ್ತಿದ್ದರು ಅನ್ನುವುದು ಬೇರೆ ಮಾತು. ನಾನೂ ತಿಂದಿದ್ದೇನೆ.

2020ರ ಶಿಕ್ಷಣ ನೀತಿ ಕೂಡ 3ರಿಂದ 8 ವರ್ಷವನ್ನು ಒಂದೇ ಬುನಾದಿ ಹಂತ ಅನ್ನುತ್ತದೆ, ಆಟದ ಮೂಲಕ ಕಲಿಕೆ ಅನ್ನುತ್ತದೆ. ಮಲ್ಲಿಗೆಯಮ್ಮ, ಶಾಲೆಗೆ ಹೋಗಿ ಜಗಳ ಮಾಡಬೇಡಿ. "ಎರಡು ಪುಟದ ಬದಲು ಎರಡು ಸಾಲು ಬರೆಸುತ್ತೇನೆ, ಆಟದ ಪಿರಿಯಡ್ ತಪ್ಪಿಸಬೇಡಿ" ಅಂತ ಡೈರಿಯಲ್ಲಿ ಬರೆದು ಕಳಿಸಿ. ಬರೆದದ್ದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.


ಲೆಕ್ಕಿಗ | ಡಿಸೆಂಬರ್ 14, ರಾತ್ರಿ 9:40

ಮೇಷ್ಟ್ರೇ, ಒಪ್ಪಿದೆ. ಆದರೆ ಊರಲ್ಲಿ ಮಣ್ಣಿದೆ, ಅಜ್ಜಿ ಇದ್ದಾರೆ, ಮರ ಇದೆ. ನಾವು ಇಬ್ಬರೂ ರಾತ್ರಿ ಎಂಟಕ್ಕೆ ಮನೆಗೆ ಬರುವವರು, ಮೂರನೇ ಮಹಡಿಯ ಫ್ಲಾಟ್. ಅವರೆಕಾಯಿ ಸುಲಿದೇ ಪ್ಯಾಕೆಟ್‌ನಲ್ಲಿ ಬರುತ್ತದೆ. ಯಾವಾಗ ಮಾಡಿಸಲಿ?


ಮೈಸೂರು_ಓಟಿ | ಡಿಸೆಂಬರ್ 15, ಬೆಳಿಗ್ಗೆ 9:00

ಒಳ್ಳೆಯ ಪ್ರಶ್ನೆ. ಬೇರೆ ಸಮಯ ಹುಡುಕಬೇಡಿ ಸರ್, ಈಗ ಅವಳಿಗಾಗಿ ನೀವು ಮಾಡುತ್ತಿರುವುದರಲ್ಲಿ ಒಂದೆರಡನ್ನು ಅವಳಿಗೆ ಬಿಡಿ. ಟಿಫಿನ್ ಡಬ್ಬಿ ತೆರೆಯುವುದು, ಚಪ್ಪಲಿಯ ಪಟ್ಟಿ ಹಾಕುವುದು, ಬಾಳೆಹಣ್ಣು ಸುಲಿಯುವುದು, ಬೆಳ್ಳುಳ್ಳಿ ಎಸಳು ಬಿಡಿಸುವುದು, ಚಪಾತಿ ಹಿಟ್ಟಿನ ಒಂದು ಉಂಡೆ. ಸ್ನಾನದ ಮನೆಯಲ್ಲಿ ಸ್ಪಂಜು ಹಿಂಡಿ ಒಂದು ಮಗ್ಗಿನಿಂದ ಇನ್ನೊಂದಕ್ಕೆ ನೀರು ತುಂಬಿಸುವುದು. ಗುಂಡಿ ಹಾಕಲು ಐದು ನಿಮಿಷ ಜಾಸ್ತಿ ಹಿಡಿಯುತ್ತದೆ, ಬೆಳಿಗ್ಗೆ ಶಾಲೆಯ ವ್ಯಾನು ಕಾಯುವುದಿಲ್ಲ, ಗೊತ್ತು. ಹಾಗಾದರೆ ಭಾನುವಾರ ಮಾತ್ರ.

1907ರಲ್ಲಿ ರೋಮಿನ ಬಡ ಬಡಾವಣೆಯಲ್ಲಿ ಮಾರಿಯಾ ಮಾಂಟೆಸ್ಸರಿ ಮಕ್ಕಳ ಮನೆ ತೆರೆದಾಗಲೂ ಇಂಥವೇ ಇದ್ದವು: ಗುಂಡಿ ಹಾಕುವುದು, ಕೈ ತೊಳೆಯುವುದು, ಸುರಿಯುವುದು. ಅವರ ಮರದ ಸಿಲಿಂಡರುಗಳ ತಲೆಯ ಮೇಲಿನ ಪುಟ್ಟ ಹಿಡಿಯನ್ನು ಮೂರು ಬೆರಳಲ್ಲೇ ಹಿಡಿಯಬೇಕು. ನಿಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯ ಒಳಮುಚ್ಚಳಕ್ಕೂ ಅದೇ ಹಿಡಿ ಇರುತ್ತದೆ, ನೋಡಿ.

ಯಾವಾಗ ತೋರಿಸಬೇಕು ಅಂತ ಮಲ್ಲಿಗೆ ಅವರು ಮೊದಲೇ ಕೇಳಿದ್ದರು. ಐದರ ಹತ್ತಿರವೂ ಚಮಚದಲ್ಲಿ ತಿನ್ನಲು, ದೊಡ್ಡ ಮಣಿ ಪೋಣಿಸಲು, ಸುತ್ತು ಎಳೆಯಲು ಆಗದಿದ್ದರೆ, ಮೊದಲು ಬರುತ್ತಿದ್ದದ್ದು ಮರೆತುಹೋದರೆ, ಕೈ ತುಂಬಾ ಬಿಗಿ ಅಥವಾ ತುಂಬಾ ಸಡಿಲ ಅನ್ನಿಸಿದರೆ ಕಾಯಬೇಡಿ. ದುಡ್ಡಿನ ಯೋಚನೆ ಇದ್ದವರು ಅಂಗನವಾಡಿಯಲ್ಲೋ ಸರ್ಕಾರಿ ಆಸ್ಪತ್ರೆಯಲ್ಲೋ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಯಾವಾಗ ಬರುತ್ತದೆ ಕೇಳಿ. ಅವರು ಪುಕ್ಕಟೆ ನೋಡಿ, ಬೇಕಾದರೆ ಇಂಥ ಮಕ್ಕಳಿಗಾಗಿಯೇ ಇರುವ ಜಿಲ್ಲೆಯ ಚಿಕಿತ್ಸಾ ಕೇಂದ್ರಕ್ಕೆ ಕಳಿಸುತ್ತಾರೆ.


ಡಬ್ಲಿನ್_ಕನ್ನಡತಿ | ಡಿಸೆಂಬರ್ 16, ಬೆಳಗಿನ ಜಾವ 3:20

ಇಲ್ಲಿ ಅವರೆ ಇಲ್ಲ, ಹುಣಸೆ ಬೀಜವೂ ಇಲ್ಲ. ಮೊಟ್ಟೆ ಟ್ರೇ ಎರಡು ಜೋಡಿಸಿ ಅಳಿಗುಳಿಮಣೆ ಮಾಡಿದೆ, ರಾಜ್ಮಾ ಕಾಳು ಕಾಯಿ. ಹಸಿ ರಾಜ್ಮಾ ಬಾಯಿಗೆ ಹಾಕಬಾರದು ಅಂತ ಐದು ವರ್ಷದವಳಿಗೆ ಹೇಳಿ ಇಟ್ಟಿದ್ದೇನೆ. ಅಮ್ಮ ವಿಡಿಯೋ ಕಾಲ್‌ನಲ್ಲಿ ಆಡುತ್ತಾರೆ. ಅವರ ಕಾಯಿಗಳನ್ನೂ ಇವಳೇ ನಡೆಸಬೇಕು, ಹಾಗಾಗಿ ಡಬಲ್ ವ್ಯಾಯಾಮ. ಮೋಸವೂ ಡಬಲ್.


ತುಮಕೂರು_ಮಲ್ಲಿಗೆ | ಜನವರಿ 18, ಸಂಜೆ 6:30

ತಡವಾಗಿ ಬರೆಯುತ್ತಿದ್ದೇನೆ. ಅಜ್ಜಿ ಹೇಳಿದ ಹಾಗೆ ಸುಮ್ನೆ ಕೂತು ಸುಲಿದೆ. ಮೂರನೆಯ ದಿನ ಹಸಿರು ಹುಳ ಸಿಕ್ಕಿತು. ಕೂಗಿದೆ. ಅವತ್ತಿನಿಂದ ಇವನು ಹುಳ ಹುಡುಕಲು ಕಾಯಿ ಬಿಡಿಸುತ್ತಾನೆ, ಕಾಳು ನನ್ನ ಪಾಲು. ಹಿತುಕುವುದನ್ನಂತೂ ಗನ್ ಆಟ ಮಾಡಿಕೊಂಡಿದ್ದಾನೆ.

ಸಂಕ್ರಾಂತಿಗೆ ಎಳ್ಳುಬೆಲ್ಲದ ಪೊಟ್ಟಣ ಕಟ್ಟಲು ಕೂತ. ಪ್ರತಿ ಕವರಿಗೆ ಒಂದು ಸಕ್ಕರೆ ಅಚ್ಚು ಇಳಿಸಿ ಬಾಯಿ ಒತ್ತುವುದು ಅವನ ಕೆಲಸ. 60 ಕವರಿನಲ್ಲಿ ಸುಮಾರು 40 ಮಾಡಿದ. ಕೆಲವು ಅಚ್ಚುಗಳು ಕವರಿಗೆ ಹೋಗಲಿಲ್ಲ, ಎಲ್ಲಿಗೆ ಹೋದವು ಅಂತ ಹೇಳಬೇಕಾಗಿಲ್ಲ.

ಡೈರಿಯಲ್ಲಿ ಬರೆದು ಕಳಿಸಿದ್ದೆ. ಒಂದು ವಾರ ಉತ್ತರ ಇಲ್ಲ, ಆಮೇಲೆ "ಓಕೆ" ಅಂತ ಒಂದು ಸಹಿ ಬಂತು. ಆಟಕ್ಕೆ ಬಿಡುತ್ತಿದ್ದಾರೆ. ಪೆನ್ಸಿಲ್ ಹಿಡಿತ ಇನ್ನೂ ಅರ್ಧಂಬರ್ಧ, ಮೂರು ಬೆರಳಲ್ಲಿ ಹಿಡಿದು ಮರೆತಾಗ ಮತ್ತೆ ಮುಷ್ಟಿ. ಕಾಪಿ ಬುಕ್ ಕಂಡರೆ ಈಗಲೂ ಆಗುವುದಿಲ್ಲ. ಆದರೆ ಮೊನ್ನೆ ಬೆಳಿಗ್ಗೆ ಬಸ್ಸಿನ ಕಿಟಕಿಗೆ ಮಂಜು ಕೂತಿತ್ತು, ಇಡೀ ಗಾಜಿನ ತುಂಬಾ ಸುತ್ತು ಎಳೆದ, ಒಂದಕ್ಕೆ ತಲೆಕಟ್ಟಿನ ಹಾಗೆ ಏನೋ ಸೇರಿಸಿ "ಇದು ರ" ಅಂದ. ನಾನು ಹೇಳಿಕೊಟ್ಟಿರಲಿಲ್ಲ. ಅವರಪ್ಪ ಹೇಳಿಕೊಟ್ಟರಾ ಅಂತ ಕೇಳಿದರೆ ಅವರೂ ಇಲ್ಲ ಅನ್ನುತ್ತಾರೆ.

ಶರ್ಟಿನ ಗುಂಡಿ ತಾನೇ ಹಾಕಿಕೊಳ್ಳುತ್ತಾನೆ, ಒಂದು ಮನೆ ತಪ್ಪಿಸಿ. ಬಿಚ್ಚಿ ಸರಿಮಾಡಲು ಬಿಡುವುದಿಲ್ಲ. ಇವತ್ತು ಹಾಗೇ ಶಾಲೆಗೆ ಹೋದ.


ಲೆಕ್ಕಿಗ | ಜನವರಿ 18, ರಾತ್ರಿ 9:55

ಮಸಾಲೆ ಡಬ್ಬಿ ಕೊಟ್ಟೆ. ಸಾಸಿವೆ, ಜೀರಿಗೆ, ಮೆಂತ್ಯ ಎಲ್ಲ ಒಂದಾಗಿದೆ. ಈಗ ಅಪ್ಪ ಮಗಳು ಕೂತು ಬೇರೆ ಮಾಡುತ್ತಿದ್ದೇವೆ. ನನ್ನ ಬೆರಳಿಗೂ ಬಲ ಬರುತ್ತಿದೆ ಅನ್ನಿಸುತ್ತದೆ.

ರಾಮನಗರದವರೇ, ಆ ಪುಟ್ಟ ಬುಗುರಿ ಬೆಂಗಳೂರಲ್ಲಿ ಎಲ್ಲಿ ಸಿಗುತ್ತದೆ?


ರಾಮನಗರ_ಹುಡುಗ | ಜನವರಿ 19, ಬೆಳಿಗ್ಗೆ 7:45

ಬೆಂಗಳೂರಲ್ಲಿ ಹುಡುಕಬೇಡಿ ಸರ್. ಮೈಸೂರಿಗೆ ಹಳೇ ರಸ್ತೆಯಲ್ಲಿ ಹೋದರೆ ಚನ್ನಪಟ್ಟಣದಲ್ಲಿ ಸಾಲು ಅಂಗಡಿಗಳಿವೆ. ಮಗಳನ್ನೂ ಕರೆದುಕೊಂಡು ಹೋಗಿ, ಅವಳೇ ತಿರುಗಿಸಿ ನೋಡಿ ಆರಿಸಲಿ. ಕೆಲವು ಬುಗುರಿ ಓಲಾಡುತ್ತವೆ.